ಕಬ್ಬಿಣದ ಮಾತ್ರೆ: ಯಾವುದರ ಮಿಲಿಗ್ರಾಂ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯ ಉತ್ತರವೊಂದರಲ್ಲಿ ನಾನು "ಕಬ್ಬಿಣದ ಮಾತ್ರೆ ಕೊಳ್ಳುವಾಗ ಮಿಲಿಗ್ರಾಂ ನೋಡಿಕೊಳ್ಳಿರಿ" ಎಂದಷ್ಟೇ ಬರೆದು ಮುಂದೆ ಹೋಗಿದ್ದೆ. ಆ ವಾಕ್ಯ ಅರ್ಧಕ್ಕೆ ನಿಂತದ್ದು ಎಂಬುದನ್ನು ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಿಂದ ಬಂದ ಪತ್ರಗಳು ತೋರಿಸಿಕೊಟ್ಟಿವೆ. ಮಿಲಿಗ್ರಾಂ ಎಂದರೆ ಯಾವುದರ ಮಿಲಿಗ್ರಾಂ, ಅದನ್ನು ಅಳೆದವರು ಯಾರು, ಹೇಗೆ ಅಳೆದರು ಎಂದು ಓದುಗರು ಕೇಳಿದ್ದಾರೆ. ಆದ್ದರಿಂದ ಈ ಸಲದ ಅಂಕಣವನ್ನು ಅದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಕೇಳಿದವರ ಹೆಸರುಗಳನ್ನು ಅವರ ಇಚ್ಛೆಯಂತೆ ಬಿಟ್ಟಿದೆ.

ಪ್ರಶ್ನೆ: ನನ್ನ ಮಗಳು ಈಗ ಆರು ತಿಂಗಳ ಗರ್ಭಿಣಿ. ಆಶಾ ಕಾರ್ಯಕರ್ತೆ ತಂದುಕೊಟ್ಟ ಕೆಂಪು ಮಾತ್ರೆಯ ಪಟ್ಟಿಯಲ್ಲಿ 60 ಮಿ.ಗ್ರಾಂ. ಎಂದಿದೆ. ಅಳಿಯ ಮಂಗಳೂರಿನ ಮೆಡಿಕಲ್ಲಿನಿಂದ ತಂದ ಇನ್ನೊಂದರಲ್ಲಿ ಫೆರಸ್ ಫ್ಯೂಮರೇಟ್ 152 ಮಿ.ಗ್ರಾಂ. ಎಂದು ಬರೆದಿದೆ. ಸರಕಾರದ ಮಾತ್ರೆಯಲ್ಲಿ ಸತ್ವ ಕಡಿಮೆ, ಹಣ ಕೊಟ್ಟದ್ದೇ ಒಳ್ಳೆಯದು ಎಂದು ನೆರೆಮನೆಯವರು ಹೇಳುತ್ತಾರೆ. ಯಾವುದರಲ್ಲಿ ಕಬ್ಬಿಣ ಹೆಚ್ಚು? (ಗೃಹಿಣಿ, ಪೆರ್ಲ)

ಉತ್ತರ: ಅಮ್ಮಾ, ಹೆಚ್ಚು ಇರುವುದು ಆಶಾ ಕಾರ್ಯಕರ್ತೆ ತಂದುಕೊಟ್ಟದ್ದರಲ್ಲಿಯೇ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ, ಅಳಿಯಂದಿರು ತಂದದ್ದರಲ್ಲಿ ಸುಮಾರು 50 ಮಿಲಿಗ್ರಾಂ ಇದೆ. ಈ ಎರಡು ಸಂಖ್ಯೆಗಳು ಒಂದೇ ವಸ್ತುವಿನ ತೂಕವನ್ನು ಹೇಳುವುದಿಲ್ಲ. 60 ಎನ್ನುವುದು ಬರಿಯ ಕಬ್ಬಿಣದ ತೂಕ, 152 ಎನ್ನುವುದು ಕಬ್ಬಿಣವನ್ನು ಹೊತ್ತಿರುವ ಲವಣದ ತೂಕ. ಸುಲಿದ ತೆಂಗಿನಕಾಯಿಯನ್ನು ಕಿಲೋ ಲೆಕ್ಕದಲ್ಲಿ ಮಾರುವ ನಮಗೆ ಇದು ಕಷ್ಟದ ಮಾತಲ್ಲ. ತಕ್ಕಡಿಯಲ್ಲಿ ಒಂದು ಕಿಲೋ ತೂಗಿದ ಕಾಯಿಯೊಳಗೆ ಗೆರಟೆಯೂ ಇದೆ, ನೀರೂ ಇದೆ. ಅದನ್ನು ಯಾರೂ ಒಂದು ಕಿಲೋ ಕೊಬ್ಬರಿ ಎಂದು ಕರೆಯುವುದಿಲ್ಲ.

ಕಬ್ಬಿಣವನ್ನು ಲೋಹದ ರೂಪದಲ್ಲಿ ಹಾಗೆಯೇ ಮಾತ್ರೆಯಾಗಿ ಮಾಡುವುದು ಅಪರೂಪ. ಸಾಮಾನ್ಯವಾಗಿ ಅದನ್ನು ಯಾವುದಾದರೊಂದು ಆಮ್ಲದೊಡನೆ ಕೂಡಿಸಿ, ನೀರಿನಲ್ಲಿ ಅಥವಾ ಹೊಟ್ಟೆಯ ಆಮ್ಲದಲ್ಲಿ ಕರಗುವ ಲವಣವಾಗಿ ಮಾಡುತ್ತಾರೆ. ಕಬ್ಬಿಣದ ಪರಮಾಣು ತೂಕ 55.85. ಫೆರಸ್ ಫ್ಯೂಮರೇಟಿನ ಅಣುವಿನ ತೂಕ 169.9. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಲವಣದ ನೂರು ಭಾಗದಲ್ಲಿ ಸುಮಾರು 32.9 ಭಾಗ ಕಬ್ಬಿಣ ಎಂದು ಸಿಗುತ್ತದೆ, ಹಾಗಾಗಿ 152 ಮಿಲಿಗ್ರಾಮಿಗೆ 50. ಫೆರಸ್ ಗ್ಲುಕೋನೇಟಿನಲ್ಲಿ ಆಮ್ಲದ ಭಾಗ ಬಹಳ ಭಾರವಾದುದರಿಂದ ಕಬ್ಬಿಣ ಸುಮಾರು ಶೇ. 12 ಮಾತ್ರ, ಅದರ 300 ಮಿಲಿಗ್ರಾಮಿನ ಮಾತ್ರೆಯನ್ನು ನುಂಗಿದರೆ ದೊರೆಯುವ ಕಬ್ಬಿಣ 35 ಮಿಲಿಗ್ರಾಂ.

ಫೆರಸ್ ಸಲ್ಫೇಟಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಹಳಬರು ಅನ್ನಭೇದಿ ಎಂದು ಕರೆಯುತ್ತಿದ್ದ ಆ ತಿಳಿಹಸಿರು ಹರಳಿನಲ್ಲಿ ಪ್ರತಿಯೊಂದು ಕಬ್ಬಿಣದ ಪರಮಾಣುವಿನೊಂದಿಗೆ ಏಳು ನೀರಿನ ಅಣುಗಳು ಅಂಟಿಕೊಂಡಿರುತ್ತವೆ. ಹರಳಿನ ತೂಕದಲ್ಲಿ ಕಬ್ಬಿಣ ಐದರಲ್ಲಿ ಒಂದು ಪಾಲು, ಎಂದರೆ 300 ಮಿಲಿಗ್ರಾಮಿಗೆ 60. ಮಾತ್ರೆ ಮಾಡಲು ಬಹುಮಟ್ಟಿಗೆ ಈ ನೀರನ್ನು ಕಳೆದ ಒಣ ಫೆರಸ್ ಸಲ್ಫೇಟನ್ನೇ ಬಳಸುವುದರಿಂದ ಅದರ 200 ಮಿಲಿಗ್ರಾಮಿನಲ್ಲಿಯೇ 65 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಅಂಗಳದಲ್ಲಿ ಹರವಿದ ಹಣ್ಣಡಿಕೆ ನಲವತ್ತು ದಿನದ ಬಿಸಿಲಿಗೆ ತೂಕ ಇಳಿಸಿಕೊಂಡರೂ ಅಡಿಕೆಯ ಎಣಿಕೆ ಇಳಿಯುವುದಿಲ್ಲವಲ್ಲ, ಹಾಗೆ. 300 ಎಂದು ಬರೆದದ್ದಕ್ಕಿಂತ 200 ಎಂದು ಬರೆದದ್ದರಲ್ಲಿ ಕಬ್ಬಿಣ ಹೆಚ್ಚಿರುವ ಈ ವಿಚಿತ್ರ ಹೀಗೆ ಹುಟ್ಟುತ್ತದೆ.

ಆದ್ದರಿಂದ ಪಟ್ಟಿಯ ಹಿಂಬದಿಯಲ್ಲಿ "ಎಲಿಮೆಂಟಲ್ ಐರನ್" ಎಂಬ ಎರಡು ಪದಗಳನ್ನು ಹುಡುಕಿರಿ. ಅದರ ಎದುರಿಗಿರುವ ಸಂಖ್ಯೆಯೇ ಹೋಲಿಸಲು ಯೋಗ್ಯವಾದುದು. ಲವಣದ ಹೆಸರನ್ನೂ ಅದರ ದೊಡ್ಡ ಸಂಖ್ಯೆಯನ್ನೂ ದಪ್ಪಕ್ಷರದಲ್ಲಿ ಅಚ್ಚು ಹಾಕಿ ಈ ಎರಡು ಪದಗಳನ್ನು ಕನ್ನಡಕಕ್ಕೂ ಸಿಕ್ಕದಷ್ಟು ಸಣ್ಣದಾಗಿ ಬರೆಯುವ ರೂಢಿ ನನಗೆ ಪ್ರಾಮಾಣಿಕವಾಗಿ ತೋರುವುದಿಲ್ಲ. 2018ರಲ್ಲಿ ಆರಂಭವಾದ ಕೇಂದ್ರ ಸರಕಾರದ ಅನೀಮಿಯಾ ಮುಕ್ತ ಭಾರತ ಯೋಜನೆಯಂತೆ ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫಾಲಿಕ್ ಆಮ್ಲ ಇರಬೇಕು. ಶಾಲೆಯಲ್ಲಿ ಹದಿಹರೆಯದ ಮಕ್ಕಳಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿಯೂ ಅಷ್ಟೇ, ಐದರಿಂದ ಒಂಬತ್ತು ವರ್ಷದವರ ಗುಲಾಬಿ ಮಾತ್ರೆಯಲ್ಲಿ 45 ಮಿಲಿಗ್ರಾಂ. ಆಸ್ಪತ್ರೆಯ ಗೋಡೆಗಳಲ್ಲಿ ಮಲಯಾಳದಲ್ಲಿ "ವಿಳರ್ಚ" ಎಂದು ಬರೆದಿರುವುದು ಇದೇ ರಕ್ತಹೀನತೆಯನ್ನು ಕುರಿತು. ಮಗಳು ಎರಡೂ ಮಾತ್ರೆಗಳನ್ನು ಸೇರಿಸಿ ನುಂಗುವುದು ಬೇಡ. ಎರಡು ಪಟ್ಟಿಗಳನ್ನೂ ವೈದ್ಯರ ಮುಂದಿಟ್ಟು, ಅವರು ಹೇಳಿದ ಒಂದನ್ನು ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳಲಿ.

ಪ್ರಶ್ನೆ: ನಮ್ಮ ಹೈಯರ್ ಸೆಕೆಂಡರಿ ಮಕ್ಕಳು ಶಾಸ್ತ್ರಮೇಳಕ್ಕಾಗಿ ಮಾತ್ರೆಗಳ ಕಬ್ಬಿಣವನ್ನು ಪರ್ಮಾಂಗನೇಟ್ ಟೈಟ್ರೇಶನ್ನಿನಿಂದ ಅಳೆಯಲು ಹೊರಟರು. ಸರಕಾರಿ ಮಾತ್ರೆಗೆ 58 ಮಿ.ಗ್ರಾಂ. ಬಂತು. ಫೆರಸ್ ಫ್ಯೂಮರೇಟ್ ಮಾತ್ರೆಗೆ ಒಮ್ಮೆಗೊಂದು ಉತ್ತರ ಬರುತ್ತಿದೆ. 50 ಮಿ.ಗ್ರಾಂ. ಕಬ್ಬಿಣವಿದೆ ಎಂದು ಬರೆದಿರುವ ಫೆರಸ್ ಆಸ್ಕಾರ್ಬೇಟ್ ಮಾತ್ರೆಗೆ 200ಕ್ಕಿಂತ ಹೆಚ್ಚು ಬಂತು! ನಮ್ಮ ತಪ್ಪೋ, ಕಂಪೆನಿಯ ತಪ್ಪೋ? (ಅಧ್ಯಾಪಕ, ಮುಳ್ಳೇರಿಯ)

ಉತ್ತರ: ಮಾಸ್ಟ್ರೇ, ಇಬ್ಬರದೂ ಅಲ್ಲ. ನೀವು ಕೇಳಿದ ಪ್ರಶ್ನೆಗೆ ಪರ್ಮಾಂಗನೇಟ್ ಸರಿಯಾಗಿಯೇ ಉತ್ತರಿಸಿದೆ, ನೀವು ಕೇಳಿದ್ದು ಕಬ್ಬಿಣದ ಪ್ರಶ್ನೆಯಾಗಿರಲಿಲ್ಲ ಅಷ್ಟೆ. ಈ ವಿಧಾನವನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ನಿಮ್ಮ ಮಕ್ಕಳ ಈ "ತಪ್ಪು" ಸರಿಯಾದ ಉತ್ತರಕ್ಕಿಂತ ಹೆಚ್ಚು ಬೆಲೆಯುಳ್ಳದ್ದು.

ಟೈಟ್ರೇಶನ್ ಎಂದರೆ ಬಲ ಗೊತ್ತಿರುವ ದ್ರಾವಣವನ್ನು ಬ್ಯುರೆಟ್ ಎಂಬ ಅಳತೆಗೊಳವೆಯಿಂದ ಹನಿಹನಿಯಾಗಿ ಹಾಕಿ, ಬಣ್ಣ ತಿರುಗುವವರೆಗೆ ಎಷ್ಟು ಖರ್ಚಾಯಿತೆಂದು ನೋಡುವುದು. ಫೆರಸ್ ಕಬ್ಬಿಣ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಫೆರಿಕ್ ಆಗುತ್ತದೆ. ಆಮ್ಲದಲ್ಲಿರುವ ಒಂದು ಪರ್ಮಾಂಗನೇಟ್ ಅಯಾನು ಐದು ಎಲೆಕ್ಟ್ರಾನುಗಳನ್ನು ಪಡೆದು ತನ್ನ ನೇರಳೆ ಬಣ್ಣವನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ 0.02 ಮೋಲಾರ್ (ಇದು ದ್ರಾವಣದ ಬಲದ ಅಳತೆ) ದ್ರಾವಣದ ಒಂದು ಮಿಲಿಲೀಟರ್ 5.585 ಮಿಲಿಗ್ರಾಂ ಕಬ್ಬಿಣಕ್ಕೆ ಸಮ. ಶಾಲೆಯಲ್ಲಿ ಸಾಮಾನ್ಯವಾಗಿ ಇರುವ 0.01 ಮೋಲಾರ್ ದ್ರಾವಣವಾದರೆ ಇದರ ಅರ್ಧ. ಹತ್ತು ಮಾತ್ರೆಗಳನ್ನು ಪುಡಿಮಾಡಿ, ದುರ್ಬಲ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ, ಸೋಸಿ 250 ಮಿಲಿಲೀಟರಿಗೆ ತಂದರೆ, 60 ಮಿಲಿಗ್ರಾಮಿನ ಮಾತ್ರೆಗಳಾಗಿದ್ದಲ್ಲಿ ಪ್ರತಿ 20 ಮಿಲಿಲೀಟರಿನಲ್ಲಿ 48 ಮಿಲಿಗ್ರಾಂ ಕಬ್ಬಿಣವಿರುತ್ತದೆ ಮತ್ತು 0.01 ಮೋಲಾರ್ ದ್ರಾವಣಕ್ಕೆ ಬ್ಯುರೆಟ್ ಸುಮಾರು 17.2 ಮಿಲಿಲೀಟರ್ ತೋರಿಸಬೇಕು. ಒಂದೇ ಮಾತ್ರೆಯನ್ನು ಅಳೆಯದೆ ಹಲವನ್ನು ಒಟ್ಟಿಗೆ ಪುಡಿಮಾಡುವುದಕ್ಕೆ ಕಾರಣವಿದೆ: ಮಾತ್ರೆಯಿಂದ ಮಾತ್ರೆಗೆ ತೂಕದಲ್ಲಿ ಚೂರು ವ್ಯತ್ಯಾಸವಿರುವುದು ಸಹಜ, ಔಷಧಗಳ ಗುಣಮಟ್ಟವನ್ನು ಗೊತ್ತುಪಡಿಸುವ ಔಷಧ ಸಂಹಿತೆಯೂ ಇಪ್ಪತ್ತು ಮಾತ್ರೆಗಳನ್ನು ತೂಗಿ ಸರಾಸರಿ ನೋಡಿಯೇ ಮುಂದುವರಿಯುತ್ತದೆ. ಪರ್ಮಾಂಗನೇಟ್ ದ್ರಾವಣ ನಿಂತಲ್ಲೇ ಕೆಡುವಂಥದ್ದಾದುದರಿಂದ ಅಂದೇ ಮೋರ್ ಲವಣದಿಂದಲೋ ಆಕ್ಸಾಲಿಕ್ ಆಮ್ಲದಿಂದಲೋ ಅದರ ಬಲವನ್ನು ಪರೀಕ್ಷಿಸಿಕೊಳ್ಳಬೇಕು. ನಿಮ್ಮ 58ರಲ್ಲಿ ಮಾಯವಾದ ಎರಡು ಮಿಲಿಗ್ರಾಂ ಬಹುಶಃ ಇಲ್ಲಿ ಅಥವಾ ಸೋಸುವ ಕಾಗದದ ಮೇಲೆ ಇದ್ದೀತು.

ಇನ್ನು ಆಸ್ಕಾರ್ಬೇಟ್. ಆಸ್ಕಾರ್ಬಿಕ್ ಆಮ್ಲ ಎಂದರೆ ವಿಟಮಿನ್ ಸಿ, ಅದೂ ಎಲೆಕ್ಟ್ರಾನುಗಳನ್ನು ಕೊಡುವ ದಾನಿಯೇ. ಕಬ್ಬಿಣ ಒಂದನ್ನು ಕೊಟ್ಟರೆ ವಿಟಮಿನ್ನಿನ ಒಂದು ಅಣು ಎರಡನ್ನು ಕೊಡುತ್ತದೆ. ಒಂದು ಕಬ್ಬಿಣಕ್ಕೆ ಎರಡು ಆಸ್ಕಾರ್ಬೇಟ್ ಇರುವ ಲವಣದಲ್ಲಿ ಒಟ್ಟು ಐದು ಎಲೆಕ್ಟ್ರಾನುಗಳಾದವು. ಬ್ಯುರೆಟ್ ಅವನ್ನೆಲ್ಲ ಕಬ್ಬಿಣದ ಲೆಕ್ಕಕ್ಕೇ ಬರೆದುಕೊಳ್ಳುತ್ತದೆ. 50 ಇದ್ದದ್ದು 200 ದಾಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಫ್ಯೂಮರೇಟಿನ ತೊಂದರೆ ಬೇರೆ. ಫ್ಯೂಮರಿಕ್ ಆಮ್ಲದಲ್ಲಿ ಇಂಗಾಲ-ಇಂಗಾಲದ ಜೋಡಿಬಂಧವಿದೆ, ಪರ್ಮಾಂಗನೇಟ್ ಜೋಡಿಬಂಧವನ್ನು ಬಿಡುವುದಿಲ್ಲ. ಜೋಡಿಬಂಧವನ್ನು ಗುರುತಿಸಲು ನೀವೇ ಮಕ್ಕಳಿಗೆ ಕಲಿಸುವ ಬೇಯರ್ ಪರೀಕ್ಷೆ ಇದೇ ತಾನೆ? ಈ ಪ್ರತಿಕ್ರಿಯೆ ಕಬ್ಬಿಣದ್ದರಷ್ಟು ಚುರುಕಲ್ಲ, ಹಾಗಾಗಿ ಬಂದ ನಸುಗೆಂಪು ನಿಲ್ಲದೆ ಮಾಸುತ್ತದೆ, ಟೈಟ್ರೇಶನ್ ಮಾಡುವವರ ತಾಳ್ಮೆಗೆ ತಕ್ಕಂತೆ ಉತ್ತರವೂ ಬದಲಾಗುತ್ತದೆ. ಮಾತ್ರೆಯ ಸಕ್ಕರೆ ಲೇಪವೂ ಸಣ್ಣ ಪ್ರಮಾಣದಲ್ಲಿ ಇದೇ ಕಿತಾಪತಿ ಮಾಡಬಲ್ಲುದು.

ಔಷಧ ಪ್ರಯೋಗಾಲಯಗಳು ಫೆರಸ್ ಮಾತ್ರೆಗಳಿಗೆ ಪರ್ಮಾಂಗನೇಟಿನ ಬದಲು ಸೀರಿಯಂ ಲವಣದ ದ್ರಾವಣವನ್ನು ಬಳಸುವುದು ಇದೇ ಕಾರಣಕ್ಕೆ. ಅದು ಸಕ್ಕರೆ, ಪಿಷ್ಟ, ಫ್ಯೂಮರಿಕ್ ಆಮ್ಲಗಳ ಗೊಡವೆಗೆ ಅಷ್ಟಾಗಿ ಹೋಗದು. ಫೆರೋಯಿನ್ ಎಂಬ ಸೂಚಕ ಕೆಂಪಿನಿಂದ ತಿಳಿನೀಲಿಗೆ ತಿರುಗಿದಾಗ ನಿಲ್ಲಿಸಿದರಾಯಿತು. 0.1 ಮೋಲಾರ್ ಸೀರಿಯಂ ದ್ರಾವಣದ ಒಂದು ಮಿಲಿಲೀಟರಿಗೂ 5.585 ಮಿಲಿಗ್ರಾಂ ಕಬ್ಬಿಣವೇ. ಆದರೆ ವಿಟಮಿನ್ ಸಿ ಸೀರಿಯಮ್ಮನ್ನೂ ತಿನ್ನುತ್ತದೆ. ಆಸ್ಕಾರ್ಬೇಟ್ ಮಾತ್ರೆಗಾದರೆ ಮೊದಲು ಪಿಂಗಾಣಿ ಮೂಸೆಯಲ್ಲಿ ಸುಟ್ಟು ಸಾವಯವ ಭಾಗವನ್ನೆಲ್ಲ ಹೋಗಲಾಡಿಸಿ, ಉಳಿದ ಕೆಂಪು ಬೂದಿಯನ್ನು ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಬೇಕು (ಇದನ್ನು ಅಧ್ಯಾಪಕರೇ ಮಾಡಬೇಕು, ಮಕ್ಕಳು ದೂರ ನಿಂತು ನೋಡಲಿ). ಆಮೇಲೆ ಬಹಳಷ್ಟು ನೀರು ಸೇರಿಸಿ, ಹೈಡ್ರಾಕ್ಸಿಲಮೀನಿನಿಂದ ಫೆರಿಕ್ಕನ್ನು ಫೆರಸ್ಸಿಗೆ ಮರಳಿಸಿ, ಫೆನಾಂತ್ರೋಲಿನ್ ಹಾಕಿದರೆ ಕಿತ್ತಳೆಗೆಂಪು ಬಣ್ಣ ಬರುತ್ತದೆ. ಅದು ಸುಮಾರು 510 ನ್ಯಾನೋಮೀಟರಿನ ಬೆಳಕನ್ನು ಎಷ್ಟು ಹೀರುತ್ತದೆ ಎಂಬುದನ್ನು ನೋಡಿ, ಗೊತ್ತಿರುವ ಪ್ರಮಾಣದ ದ್ರಾವಣಗಳೊಡನೆ ಹೋಲಿಸಿದರೆ ಕಬ್ಬಿಣದ ಲೆಕ್ಕ ಸಿಗುತ್ತದೆ. ಕೊಳವೆ ಬಾವಿಯ ನೀರಿನಲ್ಲಿರುವಂಥ ಅತಿಸಣ್ಣ ಪ್ರಮಾಣಕ್ಕೂ ಈ ವಿಧಾನವೇ ತಕ್ಕದ್ದು, ಬ್ಯುರೆಟ್ ಅಲ್ಲಿ ಏನನ್ನೂ ಕಾಣಲಾರದು.

ಸಲ್ಫ್ಯೂರಿಕ್ ಆಮ್ಲದ ಜಾಗದಲ್ಲಿ ಹೈಡ್ರೋಕ್ಲೋರಿಕ್ಕನ್ನು ಹಾಕಿ ಪರ್ಮಾಂಗನೇಟ್ ಟೈಟ್ರೇಶನ್ ಮಾಡಬಾರದು ಎಂಬುದನ್ನು ಮಾತ್ರ ನಾನು ಪುಸ್ತಕದಿಂದ ಕಲಿತವನಲ್ಲ. ಅಧ್ಯಾಪಕನಾದ ಮೊದಲ ವರ್ಷ, ಕಪಾಟಿನಲ್ಲಿ ಕೈಗೆ ಸಿಕ್ಕಿದ ಸೀಸೆಯನ್ನು ಬಳಸಿ, ಮಾತ್ರೆಯೊಂದರಲ್ಲಿ ಬರೆದದ್ದಕ್ಕಿಂತ ಹೆಚ್ಚು ಕಬ್ಬಿಣವಿದೆ ಎಂದು ತರಗತಿಯಲ್ಲಿ ಹೆಮ್ಮೆಯಿಂದ ಸಾರಿದ್ದೆ. ಪರ್ಮಾಂಗನೇಟಿನ ಒಂದು ಪಾಲು ಕ್ಲೋರೈಡನ್ನು ಕ್ಲೋರಿನ್ ಮಾಡಲು ಖರ್ಚಾಗಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ವಾಸನೆ ಬರುತ್ತದೆ ಎಂದಾಗಲೂ ನನಗೆ ಹೊಳೆದಿರಲಿಲ್ಲ.

ಪ್ರಶ್ನೆ: ಶಾಲೆಯಲ್ಲಿ ಕೊಟ್ಟ ನೀಲಿ ಮಾತ್ರೆಯನ್ನು ಪುಡಿಮಾಡಿ ಆಯಸ್ಕಾಂತ ಹಿಡಿದೆ. ಒಂದು ಕಣವೂ ಅಂಟಲಿಲ್ಲ. ಹಾಗಾದರೆ ಅದರಲ್ಲಿ ಕಬ್ಬಿಣ ಇಲ್ಲವೇ? (ಒಂಬತ್ತನೆಯ ತರಗತಿಯ ವಿದ್ಯಾರ್ಥಿ, ನೀರ್ಚಾಲು)

ಉತ್ತರ: ಇದೆ ಮಗು. ಆಯಸ್ಕಾಂತ ಸೆಳೆಯುವುದು ಲೋಹರೂಪದ ಕಬ್ಬಿಣವನ್ನು. ಲವಣವಾದ ಮೇಲೆ ಕಬ್ಬಿಣಕ್ಕೆ ಆ ಗುಣ ಕೈಗೆ ತಿಳಿಯುವಷ್ಟು ಉಳಿಯುವುದಿಲ್ಲ. ಉಪ್ಪಿನಲ್ಲಿ ಸೋಡಿಯಂ ಲೋಹವಿದ್ದರೂ ಉಪ್ಪು ನೀರಿಗೆ ಬಿದ್ದಾಗ ಸಿಡಿಯುವುದಿಲ್ಲವಲ್ಲ? ಕಾರ್ಬೊನಿಲ್ ಕಬ್ಬಿಣ ಎಂಬ ಅತಿನುಣುಪಾದ ಲೋಹದ ಪುಡಿಯಿಂದ ಮಾಡಿದ ಮಾತ್ರೆಗಳೂ ಇವೆ, ಅವು ನಿನ್ನ ಆಯಸ್ಕಾಂತಕ್ಕೆ ಅಂಟುತ್ತವೆ. ನಿನ್ನ ಪ್ರಯೋಗ ಕಬ್ಬಿಣ ಯಾವ ರೂಪದಲ್ಲಿದೆ ಎಂಬುದನ್ನು ತಿಳಿಸಿತು, ಎಷ್ಟಿದೆ ಎಂಬುದನ್ನಲ್ಲ. ಪುಡಿಮಾಡಿದ ಮಾತ್ರೆಯ ಬದಲು ಇನ್ನೊಂದನ್ನು ಟೀಚರಲ್ಲಿ ಕೇಳಿ ತೆಗೆದುಕೊಂಡೆಯಷ್ಟೆ?

ಪ್ರಶ್ನೆ: ನಾವು ಕುಟುಂಬಶ್ರೀ ಘಟಕದವರು ರಾಗಿ, ಬೆಲ್ಲ, ಒಣಗಿಸಿದ ನುಗ್ಗೆಸೊಪ್ಪು ಸೇರಿಸಿ ಕಬ್ಬಿಣಾಂಶದ ಪುಡಿ ಮಾಡಿ ಮಾರುತ್ತೇವೆ. ಒಂದು ಪ್ರಯೋಗಾಲಯ 100 ಗ್ರಾಮಿಗೆ 9 ಮಿ.ಗ್ರಾಂ. ಕಬ್ಬಿಣ ಎಂದಿತು, ಮತ್ತೊಂದು 16 ಎಂದಿತು. ಪ್ಯಾಕೆಟ್ಟಿನಲ್ಲಿ 16 ಎಂದು ಬರೆಯಬಹುದೇ? (ಘಟಕದ ಸದಸ್ಯೆಯರು, ಬದಿಯಡ್ಕ)

ಉತ್ತರ: ಬರೆಯಬೇಡಿರಿ, 9 ಎಂದೂ ಈಗಲೇ ಬರೆಯಬೇಡಿರಿ. ಎರಡೂ ಸಂಖ್ಯೆಗಳು ಯಾವ ಪುಡಿಯವು ಎಂಬುದು ಮೊದಲು ಗೊತ್ತಾಗಬೇಕು.

ಮಾತ್ರೆಯ ಕಬ್ಬಿಣ ಆಮ್ಲ ಹಾಕಿದೊಡನೆ ಕರಗಿ ಬರುತ್ತದೆ. ಆಹಾರದಲ್ಲಿ ಅದು ನಾರು, ಪ್ರೋಟೀನು, ಕಬ್ಬಿಣವನ್ನು ಹಿಡಿದಿಡುವ ಫೈಟೇಟು ಎಂಬ ವಸ್ತುಗಳ ನಡುವೆ ಹುದುಗಿರುತ್ತದೆ, ಅದನ್ನು ಹೊರತರಲು ಪುಡಿಯನ್ನು 500ರಿಂದ 550 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಬೂದಿ ಮಾಡಬೇಕು ಅಥವಾ ನೈಟ್ರಿಕ್ ಆಮ್ಲದಲ್ಲಿ ಒತ್ತಡದಡಿ ಕುದಿಸಿ ಪೂರ್ತಿ ಕರಗಿಸಬೇಕು. ಆಮೇಲಿನ ಅಳತೆಯನ್ನು ಸಾಮಾನ್ಯವಾಗಿ ಪರಮಾಣು ಹೀರಿಕೆಯ ಉಪಕರಣ ಮಾಡುತ್ತದೆ. ಆಸ್ಟ್ರೇಲಿಯದ ಅಲನ್ ವಾಲ್ಶ್ 1955ರಲ್ಲಿ ಮುಂದಿಟ್ಟ ಈ ಉಪಾಯ ಸೊಗಸಾದುದು: ಕಬ್ಬಿಣದಿಂದಲೇ ಮಾಡಿದ ಕ್ಯಾಥೋಡ್ ಇರುವ ದೀಪ ಕಬ್ಬಿಣಕ್ಕೇ ವಿಶಿಷ್ಟವಾದ 248.3 ನ್ಯಾನೋಮೀಟರ್ ಬೆಳಕನ್ನು ಬೀರುತ್ತದೆ, ಅಸಿಟಲೀನ್ ಜ್ವಾಲೆಯಲ್ಲಿ ಬಿಡಿಬಿಡಿಯಾದ ಕಬ್ಬಿಣದ ಪರಮಾಣುಗಳು ತಮ್ಮದೇ ಆ ಬೆಳಕನ್ನು ಹೀರಿಕೊಳ್ಳುತ್ತವೆ, ಎಷ್ಟು ಮಂಕಾಯಿತೋ ಅದು ಕಬ್ಬಿಣದ ಅಳತೆ. ವಿಟಮಿನ್ ಸಿ ಇದ್ದರೇನು, ಸಕ್ಕರೆ ಇದ್ದರೇನು, ಈ ದೀಪ ಅವನ್ನು ಕಬ್ಬಿಣವೆಂದು ಬಗೆಯುವುದಿಲ್ಲ. ಇನ್ನೂ ದುಬಾರಿಯ ಆರ್ಗಾನ್ ಪ್ಲಾಸ್ಮಾ ಉಪಕರಣಗಳೂ ಇವೆ, ಅವಕ್ಕೂ ಅವುಗಳದೇ ಮೋಸಗಳಿವೆ. ಪರಮಾಣುವಿನ ರಾಶಿಯನ್ನು (ತೂಕವನ್ನು) ಅಳೆಯುವ ಬಗೆಯ ಉಪಕರಣದಲ್ಲಿ ಕಬ್ಬಿಣದ ರಾಶಿ 56. ಪ್ಲಾಸ್ಮಾದ ಆರ್ಗಾನ್ 40 ಮತ್ತು ಆಮ್ಲಜನಕ 16 ಕೂಡಿಕೊಂಡರೂ 56! ಇದನ್ನು ನಿವಾರಿಸುವ ಏರ್ಪಾಡು ಉಪಕರಣದಲ್ಲಿ ಇರಬೇಕು, ಬಳಸುವವರಿಗೆ ಗೊತ್ತೂ ಇರಬೇಕು.

ಆದರೆ ನಿಮ್ಮ ವಿಷಯದಲ್ಲಿ ನನ್ನ ಸಂಶಯ ಉಪಕರಣದ ಮೇಲಲ್ಲ, ನಿಮ್ಮ ಅಂಗಳದ ಮೇಲೆ. ನಮ್ಮ ಮುರಕಲ್ಲಿನ ನೆಲ ಕೆಂಪಗಿರುವುದೇ ಕಬ್ಬಿಣದ ಆಕ್ಸೈಡಿನಿಂದ. ಮಣ್ಣಿನ ಹತ್ತನೆಯ ಒಂದು ಪಾಲು ಕಬ್ಬಿಣವೆಂದು ಇಟ್ಟುಕೊಂಡರೂ, ನೂರು ಗ್ರಾಂ ಪುಡಿಯಲ್ಲಿ 0.1 ಗ್ರಾಂ ಮಣ್ಣಿನ ಧೂಳು ಸೇರಿದರೆ ಕಬ್ಬಿಣದ ಲೆಕ್ಕ 10 ಮಿಲಿಗ್ರಾಂ ಏರುತ್ತದೆ. ಭಾರತೀಯ ಆಹಾರ ಸಂಯೋಜನೆಯ 2017ರ ಕೋಷ್ಟಕದಂತೆ ರಾಗಿಯಲ್ಲಿ ಇರುವುದೇ 100 ಗ್ರಾಮಿಗೆ ಸುಮಾರು 4.6 ಮಿಲಿಗ್ರಾಂ ಎಂಬುದನ್ನು ನೆನೆದರೆ ಈ ಧೂಳಿನ ಮಹಿಮೆ ಎಷ್ಟೆಂದು ತಿಳಿಯುತ್ತದೆ. ನುಗ್ಗೆಸೊಪ್ಪನ್ನು ತೊಳೆದು ಒಣಗಿಸಿದಿರೋ, ತೊಳೆಯದೆಯೋ? ಚಾಪೆಯ ಮೇಲೋ, ನೆಲದ ಮೇಲೋ? ಗಿರಣಿಯ ತಟ್ಟೆ ಸವೆದದ್ದೂ, ಬೆಲ್ಲ ಕಾಯಿಸಿದ ಕಬ್ಬಿಣದ ಕೊಪ್ಪರಿಗೆಯೂ ತಮ್ಮ ಪಾಲನ್ನು ಸೇರಿಸುತ್ತವೆ. ದೀಪಕ್ಕೆ ಮಣ್ಣಿನ ಕಬ್ಬಿಣವೂ ಸೊಪ್ಪಿನ ಕಬ್ಬಿಣವೂ ಒಂದೇ, ಹೊಟ್ಟೆಗೆ ಒಂದೇ ಅಲ್ಲ. ಮಣ್ಣಿನ ಆಕ್ಸೈಡ್ ಬಹುಮಟ್ಟಿಗೆ ಹೋದಂತೆಯೇ ಹೊರಬೀಳುತ್ತದೆ.

ಹೀಗೆ ಮಾಡಿರಿ. ಒಂದೇ ದಿನ ಮಾಡಿದ ಪುಡಿಯ ಒಂದು ದೊಡ್ಡ ರಾಶಿಯನ್ನು ಚೆನ್ನಾಗಿ ಕಲಸಿ, ಅದರಿಂದಲೇ ಎರಡು ಪ್ರಯೋಗಾಲಯಗಳಿಗೂ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಳುಹಿಸಿರಿ. ಪ್ರಯೋಗಾಲಯಕ್ಕೆ ಎನ್.ಎ.ಬಿ.ಎಲ್. (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ ಎಂದಷ್ಟೇ ಕೇಳದೆ, ಆಹಾರದಲ್ಲಿನ ಕಬ್ಬಿಣದ ಪರೀಕ್ಷೆ ಆ ಮಾನ್ಯತೆಯ ಪಟ್ಟಿಯಲ್ಲಿದೆಯೇ ಎಂದು ಕೇಳಿರಿ. ವರದಿ ಒಣ ತೂಕಕ್ಕೋ, ತೇವಾಂಶ ಸಹಿತದ ತೂಕಕ್ಕೋ ಎಂಬುದನ್ನೂ, ಹೆಚ್ಚುಕಡಿಮೆಯ ಮಿತಿಯನ್ನೂ ಬರೆಸಿಕೊಳ್ಳಿರಿ. ಆಮೇಲೂ ಒಂದಕ್ಕೊಂದು ಹೊಂದದಿದ್ದರೆ ನನಗೆ ಬರೆಯಿರಿ.

ಪ್ರಶ್ನೆ: ಆಟಿ ತಿಂಗಳ ಮಳೆಯಲ್ಲಿ ನಮ್ಮ ಮನೆಯ ಕಬ್ಬಿಣದ ಮಾತ್ರೆಗಳ ಮೇಲೆ ಕಂದು ಕಲೆಗಳು ಕಾಣಿಸಿದವು. ಅವಧಿ ಇನ್ನೂ ಮುಗಿದಿಲ್ಲ. ತುಕ್ಕು ಹಿಡಿದರೂ ಕಬ್ಬಿಣ ಕಬ್ಬಿಣವೇ ಅಲ್ಲವೇ, ತಿನ್ನಬಹುದಲ್ಲ? (ನಿವೃತ್ತ ನೌಕರ, ಮಂಜೇಶ್ವರ)

ಉತ್ತರ: ನಿಮ್ಮ ತರ್ಕದಲ್ಲಿ ಅರ್ಧ ಸತ್ಯವಿದೆ. ತೇವ ಮತ್ತು ಗಾಳಿಯಿಂದ ಫೆರಸ್ ಕಬ್ಬಿಣ ಫೆರಿಕ್ ಆಗಿದೆ. ಆ ಮಾತ್ರೆಯನ್ನು ಪರಮಾಣು ಹೀರಿಕೆಯ ಉಪಕರಣಕ್ಕೆ ಕೊಟ್ಟರೆ ಮೊದಲಿನಷ್ಟೇ ಕಬ್ಬಿಣ ಎನ್ನುತ್ತದೆ. ಅದೇ ಮಾತ್ರೆಯನ್ನು ಮುಳ್ಳೇರಿಯದ ಮಕ್ಕಳ ಬ್ಯುರೆಟಿಗೆ ಕೊಟ್ಟರೆ ಕಡಿಮೆಯಾಗಿದೆ ಎನ್ನುತ್ತದೆ, ಏಕೆಂದರೆ ಫೆರಿಕ್ಕಿಗೆ ಕೊಡಲು ಎಲೆಕ್ಟ್ರಾನ್ ಉಳಿದಿಲ್ಲ. ಈ ಎರಡರಲ್ಲಿ ರೋಗಿಗೆ ಬೇಕಾದ ಉತ್ತರ ಬ್ಯುರೆಟಿನದು. ಕರುಳು ಫೆರಸ್ ಕಬ್ಬಿಣವನ್ನು ಹೀರುವಷ್ಟು ಸುಲಭವಾಗಿ ಇಂಥ ಫೆರಿಕ್ಕನ್ನು ಹೀರಲಾರದು. ಕಲೆ ಬಿದ್ದ ಮಾತ್ರೆಗಳನ್ನು ಬಿಸಾಡಿರಿ. ಪಟ್ಟಿಯಿಂದ ಮಾತ್ರೆಗಳನ್ನು ಮೊದಲೇ ಬಿಡಿಸಿ ಡಬ್ಬಿಯಲ್ಲಿ ತುಂಬಿಡುವ ಅಭ್ಯಾಸ ನಮ್ಮ ಮಳೆಗಾಲಕ್ಕೆ ಹೊಂದುವುದಿಲ್ಲ.

ಡಬ್ಬಿಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಲೇಬೇಕು. ಕೆಂಪು ಲೇಪದ ಈ ಮಾತ್ರೆಗಳು ಮಕ್ಕಳ ಕಣ್ಣಿಗೆ ಮಿಠಾಯಿಯಂತೆ ಕಾಣುತ್ತವೆ. ದೇಹದ ತೂಕದ ಪ್ರತಿ ಕಿಲೋಗೆ 20 ಮಿಲಿಗ್ರಾಂ ಕಬ್ಬಿಣ ದಾಟಿದರೆ ವಿಷದ ಲಕ್ಷಣಗಳು ತೋರಬಹುದು, 60 ದಾಟಿದರೆ ಪ್ರಾಣಕ್ಕೆ ಅಪಾಯ. ಹತ್ತು ಕಿಲೋ ತೂಗುವ ಮೊಮ್ಮಗುವಿಗೆ ಮೊದಲ ಮಿತಿ ದಾಟಲು ನಾಲ್ಕು ಮಾತ್ರೆ ಸಾಕು. ಈ ಲೆಕ್ಕವನ್ನೂ ಲವಣದ ತೂಕದಿಂದಲ್ಲ, ಬರಿಯ ಕಬ್ಬಿಣದ ತೂಕದಿಂದ ಮಾಡಬೇಕು. ಮಗು ನುಂಗಿದೆ ಎಂಬ ಸಂಶಯ ಬಂದರೂ ಲಕ್ಷಣಕ್ಕಾಗಿ ಕಾಯದೆ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ಆಸ್ಪತ್ರೆಗೆ ಓಡಬೇಕು.

ಪ್ರಶ್ನೆ: ಆನ್‌ಲೈನಿನಲ್ಲಿ ತರಿಸಿದ ಕಬ್ಬಿಣದ ಪೂರಕದಲ್ಲಿ ಬರೆದಷ್ಟು ಕಬ್ಬಿಣ ಇಲ್ಲ ಎಂದು ಅನುಮಾನ. ಸಾಮಾನ್ಯರು ಪರೀಕ್ಷೆ ಮಾಡಿಸಲು ದಾರಿ ಇದೆಯೇ? (ಯುವ ಓದುಗ, ಕುಂಬಳೆ)

ಉತ್ತರ: ಇದೆ, ಆದರೆ ಮೊದಲು ನಿಮ್ಮ ಕೈಯಲ್ಲಿರುವುದು ಔಷಧವೋ ಆಹಾರವೋ ಎಂಬುದನ್ನು ನೋಡಬೇಕು. ಹೆಸರಿನ ಮುಂದೆ ಐ.ಪಿ. (ಇಂಡಿಯನ್ ಫಾರ್ಮಾಕೋಪಿಯ, ಭಾರತದ ಔಷಧ ಸಂಹಿತೆ) ಎಂಬ ಅಕ್ಷರಗಳೂ ಔಷಧ ತಯಾರಿಕೆಯ ಪರವಾನಿಗೆಯ ಸಂಖ್ಯೆಯೂ ಇದ್ದರೆ ಅದು ಔಷಧ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್.ಎಸ್.ಎಸ್.ಎ.ಐ.) ಹದಿನಾಲ್ಕು ಅಂಕೆಗಳ ಸಂಖ್ಯೆ ಇದ್ದರೆ ಕಾನೂನಿನ ಕಣ್ಣಿಗೆ ಅದು ಆಹಾರ. ಔಷಧವಾದರೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯಿದೆಯ 26ನೆಯ ಸೆಕ್ಷನ್ ಪ್ರಕಾರ ಕೊಂಡವರು ಯಾರೇ ಆದರೂ ಶುಲ್ಕ ಕೊಟ್ಟು ಸರಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಆಹಾರವಾದರೆ 2006ರ ಆಹಾರ ಸುರಕ್ಷತಾ ಕಾಯಿದೆಯ 40ನೆಯ ಸೆಕ್ಷನ್ ಅದೇ ಅಧಿಕಾರ ಕೊಡುತ್ತದೆ, ಕೊಳ್ಳುವ ಹೊತ್ತಿಗೇ ಪರೀಕ್ಷೆಯ ಉದ್ದೇಶವನ್ನು ಮಾರುವವರಿಗೆ ತಿಳಿಸಬೇಕೆಂಬ ನಿಯಮದೊಂದಿಗೆ. ಆಹಾರದಲ್ಲಿ ದೋಷ ಸಾಬೀತಾದರೆ ಕಟ್ಟಿದ ಶುಲ್ಕ ಮರಳಿ ಸಿಗುತ್ತದೆ. ತೆರೆದ ಡಬ್ಬಿಯನ್ನು ಒಯ್ಯಬೇಡಿರಿ.

ಹಾಗೆ ಹೊರಡುವ ಮುನ್ನ ನಿಮ್ಮ ಅನುಮಾನದ ಬುಡವನ್ನು ಒಮ್ಮೆ ನೋಡಿರಿ. ಆಹಾರದ ಹೆಸರಿನಲ್ಲಿ ಮಾರುವ ಪೂರಕದಲ್ಲಿ ದಿನದ ಅಗತ್ಯದಷ್ಟು ಕಬ್ಬಿಣ ಮಾತ್ರ ಇರುವುದು ರೂಢಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) 2020ರಲ್ಲಿ ಹೇಳಿದಂತೆ ಆ ಅಗತ್ಯ ಗಂಡಸರಿಗೆ 19, ಹೆಂಗಸರಿಗೆ 29 ಮಿಲಿಗ್ರಾಂ. ರಕ್ತಹೀನತೆಗೆ ವೈದ್ಯರು ಕೊಡುವ ಮಾತ್ರೆಯೊಡನೆ ಇದನ್ನು ಹೋಲಿಸಿ ಕಡಿಮೆಯೆಂದು ದೂರುವುದು ಸರಿಯಾಗದು, ಅದನ್ನೇ ತಿಂದು ರಕ್ತಹೀನತೆ ವಾಸಿಯಾಗಲೆಂದು ಕಾಯುವುದೂ ಸರಿಯಾಗದು.

ಪ್ರಶ್ನೆ: ಮಾತ್ರೆಯನ್ನು ಚಹಾದೊಂದಿಗೆ ನುಂಗಬಾರದೆಂದು ನರ್ಸ್ ಹೇಳಿದರು. ಚಹಾ ಮಾತ್ರೆಯಲ್ಲಿರುವ ಕಬ್ಬಿಣವನ್ನು ಕಡಿಮೆ ಮಾಡುತ್ತದೆಯೇ? ಊಟವಾದ ಮೇಲೆ ಎಲೆಅಡಿಕೆ ಹಾಕುವ ಅಭ್ಯಾಸವೂ ನನಗಿದೆ. (ಕೃಷಿಕ ಮಹಿಳೆ, ಬಾಯಾರು)

ಉತ್ತರ: ಒಂದು ಲೋಟ ಕಣ್ಣ (ಹಾಲು ಹಾಕದ) ಚಹಾಕ್ಕೆ ಒಂದು ಮಾತ್ರೆಯನ್ನು ಹಾಕಿ ನೋಡಿರಿ, ಲೇಪ ಕರಗಿದ ಮೇಲೆ ಚಹಾ ಶಾಯಿಯಂತೆ ಕಪ್ಪಾಗುತ್ತದೆ. ಶಾಯಿಯಂತೆ ಎಂದದ್ದು ಬರಿಯ ಹೋಲಿಕೆಯಲ್ಲ. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಬರೆಯುವ ಶಾಯಿ ಮಾಡುತ್ತಿದ್ದುದು ಇದೇ ಕ್ರಿಯೆಯಿಂದ. ಚೊಗರಿನ ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಂಡು ಬಿಡುವುದಿಲ್ಲ. ಆ ಕಪ್ಪು ಚಹಾವನ್ನು ಸುಟ್ಟು ಅಳೆದರೆ 60 ಮಿಲಿಗ್ರಾಂ 60 ಆಗಿಯೇ ಇರುತ್ತದೆ, ಆದರೆ ಅದರಲ್ಲಿ ಕರುಳಿಗೆ ದಕ್ಕುವುದು ಬಹಳ ಕಡಿಮೆ. ಹಸಿ ಅಡಿಕೆ ಕೊಯ್ದ ಕತ್ತಿ ಕಪ್ಪಾಗುವುದನ್ನು ಕಂಡ ನಿಮಗೆ ಅಡಿಕೆಯೂ ಇದೇ ಗುಂಪಿನದೆಂದು ಬೇರೆ ಹೇಳಬೇಕಾಗಿಲ್ಲ. ಮಾತ್ರೆಯನ್ನು ನೀರಿನಲ್ಲಿ ಅಥವಾ ಲಿಂಬೆ ಪಾನಕದಲ್ಲಿ ನುಂಗಿರಿ. ಚಹಾ, ಎಲೆಅಡಿಕೆ, ಕ್ಯಾಲ್ಸಿಯಂ ಮಾತ್ರೆ ಇವು ಮೂರಕ್ಕೂ ಅದಕ್ಕೂ ನಡುವೆ ಎರಡು ಗಂಟೆಯ ಬಿಡುವಿರಲಿ.